ಬಿಸಿಲುಕೋಲಿನ ಆಸ್ಪತ್ರೆ: ಯಾನ್ ಡಾಯ್ಕರ್ ಮತ್ತು ಜೊನ್ನೆಸ್ಟ್ರಾಲ್ ಪ್ರಕರಣ

ನೂರು ವರ್ಷದ ಹಿಂದೆ ಆಮ್ಸ್ಟರ್‌ಡ್ಯಾಮ್‌ನಲ್ಲಿ ವಜ್ರಕ್ಕೆ ಸಾಣೆ ಹಿಡಿಯುತ್ತಿದ್ದವರ ಕೈಯಲ್ಲಿ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತಿತ್ತು. ಅದರಲ್ಲಿ ಸೀಸ, ತವರ ಕರಗಿಸಿ, ಅದು ಇನ್ನೂ ಮೆತ್ತಗಿರುವಾಗಲೇ ಹರಳನ್ನು ಕೂರಿಸುತ್ತಿದ್ದರು. ಬಟ್ಟಲಿಗೆ ಹಿಡಿಯಾಗಿ ಒಂದು ತಾಮ್ರದ ಕಡ್ಡಿ. ಹರಳಿನ ಒಂದೊಂದು ಮುಖವೂ ತಿರುಗುವ ಸಾಣೆಗೆ ಒಂದೊಂದು ಓರೆಯಲ್ಲಿ ತಾಗಬೇಕು. ಅದಕ್ಕೆ ಬೇರೆ ಯಂತ್ರ ಇರಲಿಲ್ಲ. ಆ ತಾಮ್ರದ ಕಡ್ಡಿಯನ್ನೇ ಇಷ್ಟಿಷ್ಟು ಬಗ್ಗಿಸಬೇಕು. ತಾಮ್ರ ಎಷ್ಟು ಸಲ ಅಂತ ಬಗ್ಗೀತು? ಕೊನೆಗೊಮ್ಮೆ ಮುರಿಯುತ್ತದೆ. ಮುರಿದ ಚೂರನ್ನು ಎಸೆದು ಹೊಸ ಕಡ್ಡಿ ಹಾಕಿಕೊಳ್ಳುತ್ತಿದ್ದರು.

ಆ ಚೂರುಗಳನ್ನು ಎಸೆಯಬೇಡಿ, ಒಂದು ಕಡೆ ಕೂಡಿಡಿ ಎಂದವರು ಯಾನ್ ವಾನ್ ಜುಟ್ಫೆನ್. ವಜ್ರ ಕೆಲಸಗಾರರ ಸಂಘದ ಮುಖಂಡರಲ್ಲಿ ಅವರೊಬ್ಬರು. 1905ರಲ್ಲಿ ಅವರು ಒಂದು ನಿಧಿ ಶುರು ಮಾಡಿದರು. ಅದರ ಹೆಸರೇ 'ತಾಮ್ರದ ಕಡ್ಡಿ ನಿಧಿ'. ಕಾರ್ಖಾನೆ ಕಾರ್ಖಾನೆಯಿಂದ ತುಂಡುಗಳನ್ನು ಒಟ್ಟು ಮಾಡಿ, ಮಾರಿ, ಬಂದ ದುಡ್ಡಿನಲ್ಲಿ ಕ್ಷಯ ಹಿಡಿದ ಕೆಲಸಗಾರರನ್ನು ನೋಡಿಕೊಳ್ಳುವುದು. ಇಷ್ಟೇ ಯೋಜನೆ.

ಈ ತುಂಡುಗಳಿಂದ ಶುರುವಾದ ನಿಧಿ ಮುಂದೆ ಒಂದು ಆಸ್ಪತ್ರೆ ಕಟ್ಟಿತು. ಎರಡು ಮಹಾಯುದ್ಧಗಳ ನಡುವೆ ಯುರೋಪಿನಲ್ಲಿ ಎದ್ದ ಹೊಸ ಕಟ್ಟಡಗಳಲ್ಲಿ ಅಷ್ಟು ಹಗುರವಾದದ್ದು, ಅಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ. ಅದರ ಹೆಸರು ಜೊನ್ನೆಸ್ಟ್ರಾಲ್. ಡಚ್ ಭಾಷೆಯಲ್ಲಿ ಹಾಗೆಂದರೆ ಸೂರ್ಯನ ಕಿರಣ. ನಮ್ಮ ಮಾತಿನಲ್ಲಿ ಬಿಸಿಲುಕೋಲು. ಅದನ್ನು ವಿನ್ಯಾಸ ಮಾಡಿದವರು ಯಾನ್ ಡಾಯ್ಕರ್. ಅವರು ಬದುಕಿದ್ದು 44 ವರ್ಷ, 45 ಕೂಡ ತುಂಬಲಿಲ್ಲ.

ಈ ಪ್ರಕರಣವನ್ನು ಆರಿಸಿಕೊಳ್ಳೋಕೆ ಒಂದು ಕಾರಣ ಇದೆ. ಕಟ್ಟಡ ಯಾವ ಕೆಲಸಕ್ಕೆ ಬೇಕೋ ಆ ಕೆಲಸವೇ ಅದರ ಆಕಾರವನ್ನು ತೀರ್ಮಾನಿಸಬೇಕು ಎನ್ನುವವರನ್ನು ಫಂಕ್ಷನಲಿಸ್ಟರು ಎನ್ನುತ್ತಾರೆ. 1920ರ ದಶಕದಲ್ಲಿ ಈ ಮಾತು ಆಡಿದ ವಾಸ್ತುಶಿಲ್ಪಿಗಳು ಬೇಕಾದಷ್ಟು ಜನ. ಆದರೆ 'ಈ ಕೆಲಸ ಎಷ್ಟು ವರ್ಷ ಇರುತ್ತದೆ?' ಎಂಬ ಪ್ರಶ್ನೆಯನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಂಡು ಕಟ್ಟಿದವರು ತೀರಾ ಕಡಿಮೆ. ಜೊನ್ನೆಸ್ಟ್ರಾಲ್ ಆ ಪ್ರಶ್ನೆಗೆ ಕೊಟ್ಟ ಉತ್ತರ.

ಯಾರ ಕಾಯಿಲೆ, ಯಾರ ದುಡ್ಡು

ವಜ್ರದ ಕೆಲಸ ಹೊರಗಿನಿಂದ ನೋಡಿದರೆ ಹೊಳಪಿನ ಕೆಲಸ. ಒಳಗೆ ಹಾಗಿರಲಿಲ್ಲ. ಗಾಳಿಯಾಡದ ಕೋಣೆ, ದೂಳು, ಒತ್ತೊತ್ತಾಗಿ ಕೂತ ಜನ, ದಿನವಿಡೀ ಬಗ್ಗಿದ ಬೆನ್ನು. ಮನೆಗಳೂ ಇಕ್ಕಟ್ಟು. ಕ್ಷಯ ಹರಡೋಕೆ ಇನ್ನೇನು ಬೇಕು?

ಆದರೆ ಈ ಕೆಲಸಗಾರರು ಕೈಕಟ್ಟಿ ಕೂತವರಲ್ಲ. 1894ರಲ್ಲಿ ಅವರು ಕಟ್ಟಿದ ಸಂಘ ನೆದರ್ಲ್ಯಾಂಡ್ಸ್‌ನ ಅತ್ಯಂತ ಬಲವಾದ ಕಾರ್ಮಿಕ ಸಂಘಗಳಲ್ಲಿ ಒಂದಾಯಿತು. ಹೆನ್ರಿ ಪೊಲಾಕ್ ಅದರ ಅಧ್ಯಕ್ಷರು. ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬುದನ್ನು 1911ರ ಹೊತ್ತಿಗೇ ಮಾಲೀಕರಿಂದ ಗಿಟ್ಟಿಸಿಕೊಂಡವರು ಇವರು. ತಮ್ಮ ಸಂಘದ ಕಚೇರಿ ಕಟ್ಟಿಸುವಾಗಲೂ ದೇಶದ ದೊಡ್ಡ ವಾಸ್ತುಶಿಲ್ಪಿ ಬೆರ್ಲಾಖೆ ಅವರನ್ನೇ ಕರೆಸಿದ್ದರು. ಒಳ್ಳೆಯ ಕಟ್ಟಡ ಶ್ರೀಮಂತರ ಸ್ವತ್ತಲ್ಲ, ದುಡಿಯುವವರಿಗೂ ಅದು ಸಲ್ಲಬೇಕು ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿತ್ತು.

ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ರೋಗಾಣುವನ್ನು 1882ರಲ್ಲೇ ರಾಬರ್ಟ್ ಕೋಖ್ ಕಂಡುಹಿಡಿದಿದ್ದರು. ಆದರೆ ಕೊಲ್ಲುವ ದಾರಿ ಗೊತ್ತಿರಲಿಲ್ಲ. ಇದ್ದದ್ದು ಮೂರೇ ಮದ್ದು: ಬಿಸಿಲು, ಗಾಳಿ, ವಿಶ್ರಾಂತಿ. ಜೊತೆಗೆ ಒಳ್ಳೆಯ ಊಟ. ನಮ್ಮ ಮೈಸೂರಿನಲ್ಲಿ 1921ರಲ್ಲಿ ಶುರುವಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಕೂಡ ಇದೇ ಕಾಲದ್ದು, ಇದೇ ಚಿಕಿತ್ಸೆಯದ್ದು. ಊರಾಚೆ ವಿಶಾಲ ಜಾಗ, ಮರ, ತೆರೆದ ವರಾಂಡ. ಔಷಧಿ ಇಲ್ಲದ ಕಾಲದಲ್ಲಿ ಕಟ್ಟಡವೇ ಔಷಧಿ ಆಗಬೇಕಿತ್ತು. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

1919ರಲ್ಲಿ ನಿಧಿಯವರು ಹಿಲ್ವರ್ಸಮ್ ಊರಿನ ಬಳಿ ಕಾಡು, ಕುರುಚಲು ಬಯಲು ಸೇರಿದ ಒಂದು ಎಸ್ಟೇಟ್ ಕೊಂಡರು. ಅವರಿಗೆ ಬೇಕಿದ್ದದ್ದು ಬರೀ ಆಸ್ಪತ್ರೆ ಅಲ್ಲ. ಕಾಯಿಲೆ ವಾಸಿಯಾಗುತ್ತ ಬಂದವನು ನೇರ ಕಾರ್ಖಾನೆಗೆ ವಾಪಸ್ ಹೋದರೆ ಮತ್ತೆ ಹಾಸಿಗೆ ಹಿಡಿಯುತ್ತಾನೆ. ಅದನ್ನು ಸಂಘದವರು ಕಣ್ಣಾರೆ ಕಂಡಿದ್ದರು. ಹಾಗಾಗಿ ಇಲ್ಲಿ ರೋಗಿಗಳು ಸ್ವಲ್ಪ ಸ್ವಲ್ಪವಾಗಿ ಕೆಲಸಕ್ಕೆ ಮರಳಬೇಕು. ಮೊದಲು ಒಂದಷ್ಟು ಹೊತ್ತು, ಆಮೇಲೆ ಇನ್ನಷ್ಟು. ತೋಟದ ಕೆಲಸ, ಮರಗೆಲಸ, ವರ್ಕ್‌ಶಾಪ್. ಮೈಗೆ ಬಲ ಬಂದ ಹಾಗೆ ದುಡಿಮೆಯ ಗಂಟೆ ಜಾಸ್ತಿ ಆಗುತ್ತಿತ್ತು. ಕಾಯಿಲೆ ಬಿದ್ದವನನ್ನು ಮೂಲೆಗೆ ತಳ್ಳಬಾರದು, ಅವನ ಕೈಗೆ ಮತ್ತೆ ಕಸುಬು ಕೊಡಬೇಕು ಎಂಬ ಈ ಯೋಚನೆ ಕೆಲಸಗಾರರಿಗಲ್ಲದೆ ಬೇರೆ ಯಾರಿಗೆ ಹೊಳೆಯುತ್ತಿತ್ತು?

ಡಾಯ್ಕರ್ ಯಾರು

1890ರ ಮಾರ್ಚ್ 1ರಂದು ಹೇಗ್ ನಗರದಲ್ಲಿ ಹುಟ್ಟಿದರು. ಡೆಲ್ಫ್ಟ್‌ನಲ್ಲಿ ಓದಿದರು. ಅಲ್ಲಿ ಜೊತೆಗಾರರಾಗಿ ಸಿಕ್ಕವರು ಬರ್ನಾರ್ಡ್ ಬೈವೂಟ್. 1913ರಲ್ಲಿ ಓದು ಮುಗಿಸಿದ ಇಬ್ಬರೂ ಸೇರಿಯೇ ಆಫೀಸ್ ತೆರೆದರು. ಮೊದಮೊದಲು ಕಟ್ಟಿದ್ದು ಇಟ್ಟಿಗೆಯ, ಆ ಕಾಲದ ರೂಢಿಯ ಕಟ್ಟಡಗಳೇ. ಆಮ್ಸ್ಟರ್‌ಡ್ಯಾಮ್‌ನ ಕಲಾ ಅಕಾಡೆಮಿಯ ಸ್ಪರ್ಧೆ ಗೆದ್ದರು, ಆದರೆ ಆ ಕಟ್ಟಡ ಮೇಲೇಳಲಿಲ್ಲ. 1922ರಲ್ಲಿ ಷಿಕಾಗೋದ ಪತ್ರಿಕೆಯೊಂದರ ಗೋಪುರಕ್ಕಾಗಿ ಜಗತ್ತಿನಾದ್ಯಂತ ನಡೆದ ಸ್ಪರ್ಧೆಗೂ ನಕ್ಷೆ ಕಳಿಸಿದ್ದರು.

ಜೊನ್ನೆಸ್ಟ್ರಾಲ್‌ಗೆ ಇಬ್ಬರೂ ಮೊದಲ ಸಲ ನಕ್ಷೆ ಹಾಕಿದ್ದು 1919ರ ಸುಮಾರಿಗೆ. ದುಡ್ಡಿಲ್ಲದೆ ಕೆಲಸ ನಿಂತಿತು. ಏಳು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ 1925ರಲ್ಲಿ ಬೈವೂಟ್ ಪ್ಯಾರಿಸ್‌ಗೆ ಹೋದರು. ಅಲ್ಲಿ ಪಿಯರ್ ಷರೋ ಎಂಬ ವಿನ್ಯಾಸಕಾರರ ಜೊತೆ ಸೇರಿ ಗಾಜಿನ ಇಟ್ಟಿಗೆಯ ಆ ಹೆಸರಾಂತ ಮನೆಯನ್ನು ಮುಂದೆ ಕಟ್ಟಿದವರು ಅವರೇ. ಇತ್ತ ಡಾಯ್ಕರ್ ಹೆಚ್ಚುಕಡಿಮೆ ಒಬ್ಬರೇ ಉಳಿದರು.

ಒಬ್ಬರೇ ಅಂದೆ, ಅದು ಪೂರ್ತಿ ಸರಿಯಲ್ಲ. ಯಾನ್ ಗೆರ್ಕೊ ವೀಬೆಂಗಾ ಎಂಬ ಎಂಜಿನಿಯರ್ ಜೊತೆಗಿದ್ದರು. ಕಾಂಕ್ರೀಟಿನ ಲೆಕ್ಕದಲ್ಲಿ ಆ ಕಾಲದ ನೆದರ್ಲ್ಯಾಂಡ್ಸ್‌ನಲ್ಲಿ ಅವರಿಗೆ ಸಮ ಇದ್ದವರು ಕಡಿಮೆ. ಇಂಥ ಕಟ್ಟಡಗಳ ಬಗ್ಗೆ ಬರೆಯುವಾಗ ಎಂಜಿನಿಯರ್ ಹೆಸರನ್ನು ಬಿಟ್ಟೇ ಬಿಡುತ್ತಾರೆ. ಅದು ತಪ್ಪು. ಇಲ್ಲಿ ಒಂದೊಂದು ತೊಲೆಯ ದಪ್ಪದಲ್ಲೂ ವೀಬೆಂಗಾ ಅವರ ಲೆಕ್ಕ ಇದೆ.

ಏಳು ವರ್ಷ ತಡವಾದದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. 1919ರಲ್ಲಿ ಕಟ್ಟಿದ್ದರೆ ಅದು ಒಳ್ಳೆಯ ಇಟ್ಟಿಗೆಯ ಆಸ್ಪತ್ರೆ ಆಗುತ್ತಿತ್ತು, ಅಷ್ಟೇ. 1926ರಿಂದ 1928ರ ನಡುವೆ ಎದ್ದದ್ದು ಬೇರೆಯೇ.

ಬಗ್ಗುವ ಕಡೆ ದಪ್ಪ, ಬೇಡದ ಕಡೆ ತೆಳು

ನಡುವೆ ಮುಖ್ಯ ಕಟ್ಟಡ. ಕೆಳಗೆ ವೈದ್ಯರ ಕೋಣೆಗಳು, ಅಡುಗೆಮನೆ, ಸ್ನಾನದ ಮನೆ, ಬಾಯ್ಲರ್, ಎತ್ತರದ ಚಿಮಣಿ. ಮೇಲೆ ಎಲ್ಲರೂ ಸೇರಿ ಉಣ್ಣುವ ದೊಡ್ಡ ಹಾಲ್. ನಾಲ್ಕೂ ಕಡೆ ಗಾಜು, ಆಚೆ ತಾರಸಿ, ಅದರಾಚೆ ಮರಗಳು. ಸ್ವಲ್ಪ ದೂರದಲ್ಲಿ ರೋಗಿಗಳಿರುವ ಎರಡು ಬಿಡಿ ಕಟ್ಟಡ, ಅಂದರೆ ಪೆವಿಲಿಯನ್. ಒಂದೊಂದಕ್ಕೂ ಎರಡೆರಡು ರೆಕ್ಕೆ, ನಡುವೆ ಕೂತು ಮಾತಾಡುವ ಜಾಗ. ರೆಕ್ಕೆಗಳನ್ನು ಒಂದಕ್ಕೊಂದು ಓರೆಯಾಗಿ ಇಟ್ಟಿದ್ದಾರೆ. ಒಂದರ ನೆರಳು ಇನ್ನೊಂದರ ಮೇಲೆ ಬೀಳಬಾರದು, ಇಬ್ಬರಿಗೂ ಬಿಸಿಲು ಸಿಗಬೇಕು, ಕಿಟಕಿಯಿಂದ ಎದುರಿನ ರೋಗಿಯ ಮುಖ ಕಾಣದೆ ಬಯಲು ಕಾಣಬೇಕು.

ಒಬ್ಬ ರೋಗಿಗೆ ಒಂದು ಕೋಣೆ. ಚಿಕ್ಕದು, ಆದರೆ ಸ್ವಂತದ್ದು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುತ್ತಿದ್ದ ಮನೆಗಳಿಂದ ಬಂದವರಿಗೆ ಅದು ಎಂಥ ದೊಡ್ಡ ಮಾತು ಅಲ್ವಾ! ಕೋಣೆಯ ಮುಂದೆ ಉದ್ದಕ್ಕೂ ತೆರೆದ ಜಾಗ. ಬಿಸಿಲು ಬಂದಾಗ ಮಂಚವನ್ನೇ ಹೊರಗೆ ತಳ್ಳಬಹುದು.

ಈಗ ತೊಲೆಗಳನ್ನು ನೋಡೋಣ. ನನಗೆ ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅವೇ.

ತುಂಬಿದ ಕೊಡವನ್ನು ಕೈ ನೀಳವಾಗಿ ಚಾಚಿ ಹಿಡಿದುಕೊಂಡರೆ ನೋವು ಎಲ್ಲಿ ಬರುತ್ತದೆ? ಬೆರಳಿಗಲ್ಲ, ಭುಜಕ್ಕೆ. ಭಾರ ತುದಿಯಲ್ಲಿದ್ದರೂ ಬಗ್ಗಿಸುವ ಒತ್ತಡ ಬುಡದಲ್ಲೇ ಜಾಸ್ತಿ. ಕಂಬದಿಂದ ಆಚೆಗೆ ಚಾಚಿಕೊಂಡ ತೊಲೆಯ ಕಥೆಯೂ ಇದೇ. ಅದಕ್ಕೇ ಡಾಯ್ಕರ್ ಮತ್ತು ವೀಬೆಂಗಾ ತೊಲೆಯನ್ನು ಕಂಬದ ಹತ್ತಿರ ದಪ್ಪ ಮಾಡಿ, ತುದಿಗೆ ಹೋಗುತ್ತ ಹೋಗುತ್ತ ಸಣ್ಣ ಮಾಡಿದರು. ಹಲಸಿನ ಕೊಂಬೆ ಹೇಗಿರುತ್ತದೋ ಹಾಗೆ. ತುದಿಗೆ ಬರುವಷ್ಟರಲ್ಲಿ ಚಾವಣಿ ಒಂದು ತೆಳ್ಳಗಿನ ಗೆರೆ ಅಷ್ಟೇ. ಅದರ ಕೆಳಗೆ ಗೋಡೆ ಬೇಡ, ಯಾಕೆಂದರೆ ಭಾರವೆಲ್ಲ ಒಳಗಿನ ಕಂಬಗಳ ಮೇಲಿದೆ. ಗೋಡೆ ಬೇಡವಾದ ಕಡೆ ಪೂರ್ತಿ ಗಾಜು ಹಾಕಿದರು. ಮೂಲೆಯಲ್ಲಿ ಕಂಬವೇ ಇಲ್ಲದಿದ್ದರಿಂದ ಮೂಲೆಯೂ ಗಾಜಿನದ್ದೇ. ಬಿಸಿಲು ಒಳಗೆ ಬರೋಕೆ ಏನೂ ಅಡ್ಡಿ ಇಲ್ಲ.

ಗಾಜಿನ ನಡುವೆ ಗೋಡೆ ಬೇಕೇ ಬೇಕಾದ ಕಡೆ ಏನು ಮಾಡಿದರು? ಕಬ್ಬಿಣದ ಜಾಲರಿ ಕಟ್ಟಿ ಅದರ ಮೇಲೆ ಸಿಮೆಂಟ್ ಗಾರೆ ಬಳಿದರು. ಕೆಲವೇ ಸೆಂಟಿಮೀಟರ್ ದಪ್ಪ. ಕಿಟಕಿ ಚೌಕಟ್ಟು ಸಪೂರ ಉಕ್ಕಿನದು. ಇಡೀ ಕಟ್ಟಡದ ಅಳತೆ 3 ಮೀಟರ್‌ನ ಲೆಕ್ಕದಲ್ಲಿ ಓಡುತ್ತದೆ. ಕಂಬದ ಅಂತರ, ಕೋಣೆ, ಕಿಟಕಿ, ಎಲ್ಲ ಅದೇ ತಾಳಕ್ಕೆ. ಇದರಿಂದ ಒಂದೇ ಅಳತೆಯ ಸಾಮಾನನ್ನು ಮತ್ತೆ ಮತ್ತೆ ಬಳಸಬಹುದು.

ಇವತ್ತು ಸೈಟಿನಲ್ಲಿ ನಿಂತು ಕೆಲಸ ಮಾಡಿಸುವವರು ಈ ತೊಲೆ ನೋಡಿ ತಲೆ ಅಲ್ಲಾಡಿಸಬಹುದು. ಉದ್ದಕ್ಕೂ ಒಂದೇ ದಪ್ಪದ ತೊಲೆಗೆ ಸೆಂಟ್ರಿಂಗ್ ಕಟ್ಟೋದು ಸುಲಭ. ಓರೆ ತೊಲೆಗೆ ಹಲಗೆ ಕುಯ್ಯಬೇಕು, ಬಡಗಿಗಳ ದಿನಗೂಲಿ ಜಾಸ್ತಿ, ಕಂಬಿ ಬಗ್ಗಿಸೋದೂ ತ್ರಾಸ. ನಿಜ. ಆದರೆ 1927ರಲ್ಲಿ ಲೆಕ್ಕ ತಿರುವುಮುರುವಾಗಿತ್ತು. ಆಗ ಸಿಮೆಂಟ್, ಉಕ್ಕು ದುಬಾರಿ. ಕೂಲಿ ಅಗ್ಗ. ಸಾಮಾನು ಉಳಿಸೋಕೆ ಕೈಗೆಲಸ ಖರ್ಚು ಮಾಡುವುದೇ ಜಾಣತನ. ಹಾಗಾಗಿ ಆ ಸೊಗಸಾದ ತೊಲೆ ಯಾವುದೋ ಶೈಲಿಯ ಆಸೆಗೆ ಹುಟ್ಟಿದ್ದಲ್ಲ. ಆ ಕಾಲದ ಬೆಲೆಪಟ್ಟಿ ನೋಡಿ ಬರೆದದ್ದು.

ಆದರೂ ಬರೀ ಬೆಲೆಪಟ್ಟಿಯೂ ಅಲ್ಲ. 1932ರಲ್ಲಿ ಡಾಯ್ಕರ್ 'ದ ಆಖ್ಟ್ ಎನ್ ಒಪ್‌ಬೌ' ಎಂಬ ಪತ್ರಿಕೆಯ ಸಂಪಾದಕರಾದರು. ಹೊಸ ವಾಸ್ತುಶಿಲ್ಪದ ಬಗ್ಗೆ ಹಿರಿಯರಾದ ಬೆರ್ಲಾಖೆ ಆಕ್ಷೇಪ ಎತ್ತಿದಾಗ ಉತ್ತರ ಬರೆದರು. ಮಿತವ್ಯಯ ಎಂದರೆ ಅಗ್ಗದಲ್ಲಿ ಮುಗಿಸುವುದು ಅಲ್ಲ ಎಂಬುದು ಅವರ ವಾದ. ಅದಕ್ಕಿಂತ ದೊಡ್ಡದಾದ, ಮನಸ್ಸಿಗೆ, ಆತ್ಮಕ್ಕೆ ಸಂಬಂಧಿಸಿದ ಮಿತವ್ಯಯ ಒಂದಿದೆ. ಒಂದು ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ವಸ್ತು ಬಳಸುತ್ತ ಹೋದರೆ ಕಟ್ಟಡ ಹಗುರವಾಗುತ್ತ, ತಿಳಿಯಾಗುತ್ತ ಹೋಗುತ್ತದೆ ಎಂದು ಅವರು ನಂಬಿದ್ದರು. ಇದು ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಾತಲ್ಲ. ಹಾಸಿಗೆ ಎಷ್ಟೇ ದೊಡ್ಡದಿದ್ದರೂ ಬೇಕಾದಷ್ಟೇ ಚಾಚುವ ಮಾತು.

ತಾಮ್ರದ ಕಡ್ಡಿಯ ಚೂರು ಕೂಡಿಟ್ಟ ಜನರ ದುಡ್ಡು ಅದು. ಆ ದುಡ್ಡಿನಲ್ಲಿ ಒಂದು ಬುಟ್ಟಿ ಕಾಂಕ್ರೀಟ್ ಕೂಡ ಸುಮ್ನೆ ಸುರಿಯಲು ಡಾಯ್ಕರ್ ಒಪ್ಪಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟುವುದು ಇಲ್ಲೇ.

1928ರಲ್ಲಿ ಮುಖ್ಯ ಕಟ್ಟಡವೂ ಟೆರ್ ಮ್ಯೂಲೆನ್ ಹೆಸರಿನ ಮೊದಲ ಪೆವಿಲಿಯನ್ನೂ ತೆರೆದವು. ಎರಡನೆಯದಾದ ಡ್ರೆಸೆಲ್‌ಹಾಯ್ಸ್ ಪೆವಿಲಿಯನ್ ಸಿದ್ಧವಾಗಲು 1931 ಆಯಿತು. ದುಡ್ಡು ಬಂದಂತೆ ಕೆಲಸ.

ಎಷ್ಟು ವರ್ಷಕ್ಕೆ?

ಇಲ್ಲಿಗೆ ಪ್ರಕರಣದ ನಡುಮಧ್ಯಕ್ಕೆ ಬಂದೆವು.

ಕ್ಷಯ ಒಂದಲ್ಲ ಒಂದು ದಿನ ಹೋಗಿಯೇ ಹೋಗುತ್ತದೆ ಎಂಬ ಭರವಸೆ ನಿಧಿಯವರಿಗೂ ಡಾಯ್ಕರ್‌ಗೂ ಇತ್ತು. ಮೂವತ್ತೋ ಐವತ್ತೋ ವರ್ಷ. ಆಮೇಲೆ ಇಂಥ ಆಸ್ಪತ್ರೆಯ ಅಗತ್ಯವೇ ಇರುವುದಿಲ್ಲ. ಹಾಗಿದ್ದ ಮೇಲೆ ನೂರಿನ್ನೂರು ವರ್ಷ ನಿಲ್ಲುವ ಕಟ್ಟಡ ಯಾಕೆ? ಅಷ್ಟು ಕಾಲಕ್ಕೆ ಎಷ್ಟು ಗಟ್ಟಿ ಬೇಕೋ ಅಷ್ಟು ಸಾಕು.

ನಮಗೆ ಇದನ್ನು ಒಪ್ಪಿಕೊಳ್ಳೋದು ಕಷ್ಟ. ಮನೆ ಕಟ್ಟುವಾಗ ಮೊಮ್ಮಕ್ಕಳ ಕಾಲಕ್ಕೂ ಇರಲಿ ಎನ್ನುತ್ತೇವೆ. ಗಟ್ಟಿ ಎಂದರೆ ಒಳ್ಳೆಯದು, ಬಾಳಿಕೆ ಬರದ್ದು ಕಳಪೆ. ಇದು ನಮ್ಮ ರಕ್ತದಲ್ಲೇ ಇದೆ. ಆದರೆ ಡಾಯ್ಕರ್ ಕಳಪೆ ಕೆಲಸ ಮಾಡಲಿಲ್ಲ. ಮೂವತ್ತು ವರ್ಷ ಬೇಕಾದದ್ದಕ್ಕೆ ಮೂವತ್ತು ವರ್ಷದ ಸಾಮಾನು ಹಾಕುವುದೂ, ನೂರು ವರ್ಷದ್ದು ಅಂತ ಹೇಳಿ ಮೂವತ್ತು ವರ್ಷದ ಸಾಮಾನು ಹಾಕುವುದೂ ಒಂದೇ ಅಲ್ಲ. ಎರಡನೆಯದು ಮೋಸ. ಮೊದಲನೆಯದು ಲೆಕ್ಕ. ಉಳಿದ ದುಡ್ಡು ಇನ್ನೊಬ್ಬ ರೋಗಿಯ ಹಾಸಿಗೆಗೆ ಹೋಗುತ್ತದೆ.

ಅದಕ್ಕೆ ತೆರಬೇಕಾದ ಬೆಲೆಯೂ ಇತ್ತು, ಅದನ್ನು ಮುಚ್ಚಿಡಬಾರದು. ಒಂದೇ ಪದರದ ಗಾಜು, ತೆಳ್ಳಗಿನ ಗೋಡೆ. ಡಚ್ ಚಳಿಗಾಲದಲ್ಲಿ ಶಾಖ ಉಳಿಯುವುದಿಲ್ಲ, ಗಾಜಿನ ಒಳಮೈ ಬೆವರುತ್ತದೆ. ಕಾಂಕ್ರೀಟ್ ತೆಳುವಾದ್ದರಿಂದ ಕಂಬಿಯ ಮೇಲಿನ ಹೊದಿಕೆಯೂ ತೆಳು. ತೇವ ಒಳಗಿಳಿದರೆ ಕಂಬಿಗೆ ತುಕ್ಕು. ತುಕ್ಕು ಹಿಡಿದ ಕಂಬಿ ಉಬ್ಬಿ ಮೇಲಿನ ಕಾಂಕ್ರೀಟನ್ನು ಚಕ್ಕೆ ಎಬ್ಬಿಸುತ್ತದೆ. ಉಕ್ಕಿನ ಕಿಟಕಿಗೆ ಕಾಲಕಾಲಕ್ಕೆ ಬಣ್ಣ ಬೇಕು. ಬೆನ್ನು ಬಿಡದೆ ನೋಡಿಕೊಂಡರೆ ಮಾತ್ರ ನಿಲ್ಲುವ ಕಟ್ಟಡ ಅದು.

ಡಾಯ್ಕರ್ ಅವರ ಉಳಿದ ವರ್ಷಗಳು

ಜೊನ್ನೆಸ್ಟ್ರಾಲ್ ಮುಗಿಯುತ್ತಿದ್ದಂತೆ ಅವರ ಕೈಗೆ ಬಿಡುವೇ ಸಿಗಲಿಲ್ಲ. ಹೇಗ್‌ನಲ್ಲಿ ವೀಬೆಂಗಾ ಜೊತೆ ನಿರ್ವಾಣ ಎಂಬ ಹೆಸರಿನ ಎತ್ತರದ ಫ್ಲ್ಯಾಟ್. ನಮ್ಮ ಕಡೆಯ ಪದ ಅಲ್ಲಿನ ಕಟ್ಟಡದ ಮೇಲೆ! ಆಮೇಲೆ ಆಮ್ಸ್ಟರ್‌ಡ್ಯಾಮ್‌ನ ಕ್ಲಿಯೊಸ್ಟ್ರಾಟ್ ಬೀದಿಯ ಬಯಲು ಶಾಲೆ, 1930ರಲ್ಲಿ ಮುಗಿದದ್ದು. ಜೊನ್ನೆಸ್ಟ್ರಾಲ್‌ನಲ್ಲಿ ರೋಗಿಗೆ ಕೊಟ್ಟ ಬಿಸಿಲನ್ನು ಇಲ್ಲಿ ಆರೋಗ್ಯವಾಗಿರುವ ಮಕ್ಕಳಿಗೇ ಕೊಟ್ಟರು, ಕಾಯಿಲೆ ಬರುವ ಮೊದಲೇ. ಮಹಡಿಗೆ ಎರಡು ತರಗತಿ, ಎರಡರ ನಡುವೆ ಹಂಚಿಕೊಳ್ಳಲು ಒಂದು ತೆರೆದ ತರಗತಿ. ಇಲ್ಲೂ ಮೂಲೆಯಲ್ಲಿ ಕಂಬ ಇಲ್ಲ. ನಗರದವರು ಈ ಗಾಜಿನ ಶಾಲೆಯನ್ನು ಬೀದಿಗೆ ಎದುರಾಗಿ ಕಟ್ಟಲು ಬಿಡಲಿಲ್ಲ. ಸುತ್ತ ಮನೆಗಳಿರುವ ಒಳಗಿನ ಅಂಗಳಕ್ಕೆ ಅದನ್ನು ತಳ್ಳಿದರು. ಅಲ್ಲಿ ಅದು ಇವತ್ತೂ ಶಾಲೆಯಾಗಿಯೇ ನಡೆಯುತ್ತಿದೆ. ಮಕ್ಕಳಿಗೆ ಬಿಸಿಲು ಬೇಕು ಎಂಬ ಕೆಲಸ ಮುಗಿಯಲಿಲ್ಲವಲ್ಲ, ಹಾಗಾಗಿ ಕಟ್ಟಡವೂ ನಿವೃತ್ತಿಯಾಗಲಿಲ್ಲ.

1934ರಲ್ಲಿ ಅದೇ ನಗರದಲ್ಲಿ ಸಿನೆಯಾಕ್, ವಾರ್ತಾಚಿತ್ರಗಳನ್ನಷ್ಟೇ ತೋರಿಸುವ ಪುಟ್ಟ ಚಿತ್ರಮಂದಿರ. ಇಕ್ಕಟ್ಟಿನ ಜಾಗದಲ್ಲಿ ಹಾಲನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕೂರಿಸಿದ ಜಾಣ್ಮೆ ಅದರದು. ನಂತರ ಹಿಲ್ವರ್ಸಮ್‌ನಲ್ಲಿ ಗೋಯ್‌ಲಾಂಡ್ ಹೋಟೆಲ್. ಅದು ಮುಗಿಯುವ ಮೊದಲೇ, 1935ರ ಫೆಬ್ರವರಿ 23ರಂದು ಡಾಯ್ಕರ್ ತೀರಿಕೊಂಡರು. ಹಳೆಯ ಗೆಳೆಯ ಬೈವೂಟ್ ಬಂದು ಹೋಟೆಲ್ ಪೂರ್ತಿ ಮಾಡಿಕೊಟ್ಟರು.

ಕಟ್ಟಡದ ಕೆಲಸ ಮುಗಿದ ದಿನ

ಡಾಯ್ಕರ್ ಹೋದ ಐದು ವರ್ಷಕ್ಕೆ ನೆದರ್ಲ್ಯಾಂಡ್ಸ್ ಅನ್ನು ನಾಜಿಗಳು ಆಕ್ರಮಿಸಿದರು. ಆಮ್ಸ್ಟರ್‌ಡ್ಯಾಮ್‌ನ ವಜ್ರ ಕೆಲಸಗಾರರಲ್ಲಿ ಬಹಳ ಮಂದಿ ಯಹೂದಿಗಳು. ಆ ದೇಶದ ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಸಾಗಿಸಿ ಕೊಂದರು. ತಾಮ್ರದ ಕಡ್ಡಿ ಕೂಡಿಟ್ಟ ಕೈಗಳಲ್ಲಿ ಎಷ್ಟೋ ಕೈಗಳು ವಾಪಸ್ ಬರಲಿಲ್ಲ. ಪೊಲಾಕ್ ಕೂಡ 1943ರಲ್ಲಿ ತೀರಿಕೊಂಡರು. ಯುದ್ಧ ಮುಗಿದಾಗ ಸಂಘದ ಬಹಳಷ್ಟು ಜನ ಇರಲಿಲ್ಲ. ಜೊನ್ನೆಸ್ಟ್ರಾಲ್ ಬಗ್ಗೆ ಓದುವಾಗಲೆಲ್ಲ ತೊಲೆ, ಗಾಜಿನ ನಡುವೆ ಇದನ್ನು ಮರೆತುಬಿಡುವ ಅಪಾಯ ಇದೆ. ಮರೆಯಬಾರದು.

1943ರಲ್ಲೇ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಸಿಕ್ಕಿತು. ಆಮೇಲೆ ಪಿಎಎಸ್ ಎಂಬ ಇನ್ನೊಂದು. 1952ರಲ್ಲಿ ಐಸೊನಿಯಾಜಿಡ್, ಅಗ್ಗದ ಮಾತ್ರೆ. ಕ್ಷಯಕ್ಕೆ ಕೊನೆಗೂ ಔಷಧಿ ಬಂತು.

ಹಾಗಾದರೆ ಸ್ಯಾನಟೋರಿಯಂ ಇನ್ನೂ ಬೇಕಾ? ಈ ಪ್ರಶ್ನೆಗೆ ಕರಾರುವಾಕ್ಕಾದ ಉತ್ತರ ಸಿಕ್ಕಿದ್ದು ಯುರೋಪಿನಲ್ಲಲ್ಲ, ಮದ್ರಾಸಿನಲ್ಲಿ. 1956ರಲ್ಲಿ ಅಲ್ಲಿ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ನಗರದ ಬಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಟೋರಿಯಂ: ವಿಶ್ರಾಂತಿ, ಒಳ್ಳೆಯ ಊಟ, ಗಾಳಿ, ಜೊತೆಗೆ ಮಾತ್ರೆ. ಇನ್ನೊಂದು ಗುಂಪಿಗೆ ಮನೆ: ಇಕ್ಕಟ್ಟು, ಅರೆಹೊಟ್ಟೆ, ಅದೇ ಮಾತ್ರೆ. ಒಂದು ವರ್ಷ ನೋಡಿದರು. 1959ರಲ್ಲಿ ಫಲಿತಾಂಶ ಹೊರಗೆ ಬಂತು. ಮನೆಯಲ್ಲಿದ್ದವರೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಯವರಿಗೆ ರೋಗ ಅಂಟುವುದೂ ಹೆಚ್ಚಾಗಿರಲಿಲ್ಲ. ಅದೇ ವರ್ಷ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಊರೂರಿನ ಸಾಮಾನ್ಯ ಆಸ್ಪತ್ರೆಯಲ್ಲೇ ಕ್ಷಯ ಪತ್ತೆ ಮಾಡಿ, ಮನೆಯಲ್ಲೇ ಔಷಧಿ ಕೊಡುವ ದಾರಿಯನ್ನು ರೂಪಿಸಿದ್ದು ಈ ಸಂಸ್ಥೆ. ಬಿಸಿಲು, ಗಾಳಿ, ತಾರಸಿ ಇಷ್ಟೂ ಒಂದು ಸಣ್ಣ ಮಾತ್ರೆಯ ಒಳಗೆ ಹೋಗಿ ಸೇರಿದ ಹಾಗಾಯಿತು.

ಜೊನ್ನೆಸ್ಟ್ರಾಲ್ ಅಷ್ಟು ಹೊತ್ತಿಗೆ ಕ್ಷಯದ ಆಸ್ಪತ್ರೆಯಾಗಿ ಉಳಿದಿರಲಿಲ್ಲ. 1950ರ ದಶಕದ ಕೊನೆಗೆ ಅದು ಸಾಮಾನ್ಯ ಆಸ್ಪತ್ರೆಯಾಗಿತ್ತು. 1928ಕ್ಕೆ ಮೂವತ್ತು ಕೂಡಿಸಿ ನೋಡಿ. ಕಟ್ಟಿದವರ ಭರವಸೆ ಹುಸಿಯಾಗಲಿಲ್ಲ.

ಹೊಸ ಕೆಲಸಕ್ಕೆ ಕಟ್ಟಡ ಒಗ್ಗಲಿಲ್ಲ. ಒಗ್ಗುವುದು ಹೇಗೆ? ಒಂದೇ ಕೆಲಸಕ್ಕೆ ಅಳತೆ ಮಾಡಿ ಹೊಲಿದ ಅಂಗಿ ಅದು. ಅಲ್ಲಿ ಇಲ್ಲಿ ಕೋಣೆ ಸೇರಿಸಿದರು, ಗೋಡೆ ಹಾಕಿದರು, ಸಪೂರ ಉಕ್ಕಿನ ಕಿಟಕಿ ಕಿತ್ತು ದಪ್ಪ ಚೌಕಟ್ಟು ಕೂರಿಸಿದರು. ಡ್ರೆಸೆಲ್‌ಹಾಯ್ಸ್ ಪೆವಿಲಿಯನ್ನನ್ನಂತೂ ಕೈಬಿಟ್ಟರು. ಗಾಜು ಒಡೆಯಿತು, ಕಾಂಕ್ರೀಟ್ ಚಕ್ಕೆ ಎದ್ದಿತು, ಒಳಗೆ ಗಿಡ ಬೆಳೆಯಿತು. ಕಾಡು ಅದನ್ನು ವಾಪಸ್ ಪಡೆಯತೊಡಗಿತು.

ಉಳಿಸಬೇಕಾ, ಬಿಡಬೇಕಾ

1980ರ ದಶಕದಲ್ಲಿ ಹ್ಯೂಬರ್ಟ್ ಯಾನ್ ಹೆಂಕೆಟ್ ಮತ್ತು ವೆಸೆಲ್ ದ ಯೋಂಗ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಈ ಕಟ್ಟಡದ ಬೆನ್ನು ಹತ್ತಿದರು. ಅವರ ಮುಂದಿದ್ದ ಪ್ರಶ್ನೆ ಸಣ್ಣದಲ್ಲ. ಕೆಲಸ ಮುಗಿದ ಮೇಲೆ ಹೋಗಲಿ ಎಂದು ಕಟ್ಟಿದ್ದನ್ನು ಶಾಶ್ವತವಾಗಿ ಉಳಿಸಿದರೆ ಡಾಯ್ಕರ್‌ಗೆ ನ್ಯಾಯವೋ ಅನ್ಯಾಯವೋ? ಇಂಥ ಪ್ರಶ್ನೆ ಜೊನ್ನೆಸ್ಟ್ರಾಲ್ ಒಂದರದ್ದೇ ಅಲ್ಲ, ಆ ತಲೆಮಾರಿನ ಎಷ್ಟೋ ಕಟ್ಟಡಗಳದ್ದು ಎಂದು ಅವರಿಗೆ ಗೊತ್ತಾಯಿತು. 1988ರಲ್ಲಿ ಐಂಡ್‌ಹೋವನ್‌ನಲ್ಲಿ ಇಬ್ಬರೂ ಸೇರಿ ಡೊಕೊಮೊಮೊ ಎಂಬ ಸಂಸ್ಥೆ ಹುಟ್ಟುಹಾಕಿದರು. ಆಧುನಿಕ ಕಾಲದ ಕಟ್ಟಡಗಳನ್ನು ದಾಖಲಿಸುವುದು, ಕಾಪಾಡುವುದು ಅದರ ಕೆಲಸ. ಇವತ್ತು ಹತ್ತಾರು ದೇಶಗಳಲ್ಲಿ, ಭಾರತದಲ್ಲೂ, ಅದರ ಶಾಖೆಗಳಿವೆ.

ಡಾಯ್ಕರ್ ಬದುಕಿದ್ದಿದ್ದರೆ 'ಕೆಡವಿ, ಆ ದುಡ್ಡಿಗೆ ಈಗ ಬೇಕಾದದ್ದು ಕಟ್ಟಿ' ಎನ್ನುತ್ತಿದ್ದರೇನೋ. ಆದರೂ ಉಳಿಸಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಕ್ಷಯದ ಚಿಕಿತ್ಸೆ ಆ ಕಟ್ಟಡದ ಒಂದು ಕೆಲಸ, ಅದು ಮುಗಿಯಿತು. ಇನ್ನೊಂದು ಕೆಲಸ ಆಮೇಲೆ ಹುಟ್ಟಿತು. ಆ ಸಂಘದ ಜನ ಇಲ್ಲದ ಮೇಲೆ ಅವರು ಒಂದು ಕಾಲದಲ್ಲಿ ತಮ್ಮವರಿಗಾಗಿ ಏನು ಮಾಡಿದರು ಎಂದು ತೋರಿಸೋಕೆ ಉಳಿದಿರುವುದು ಇಂಥ ಕೆಲವು ಕಟ್ಟಡಗಳೇ. ಆ ಸಾಕ್ಷಿಯನ್ನು ಕಾಡಿಗೆ ಬಿಟ್ಟುಕೊಡಲು ನನಗಂತೂ ಮನಸ್ಸಾಗುತ್ತಿರಲಿಲ್ಲ.

ಮುಖ್ಯ ಕಟ್ಟಡದ ರಿಪೇರಿ 2003ರಲ್ಲಿ ಮುಗಿಯಿತು. 2010ರಲ್ಲಿ ಈ ಕೆಲಸಕ್ಕೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ಆಧುನಿಕ ವಾಸ್ತುಶಿಲ್ಪದ ಬಹುಮಾನ ಬಂತು. ಹಾಳುಬಿದ್ದಿದ್ದ ಡ್ರೆಸೆಲ್‌ಹಾಯ್ಸ್ ಪೆವಿಲಿಯನ್ನನ್ನೂ ನಂತರ ಎತ್ತಿ ನಿಲ್ಲಿಸಿದರು.

ರಿಪೇರಿಯ ಒಂದು ವಿಷಯ ಮಾತ್ರ ಹೇಳಲೇಬೇಕು. ಗಾಜಿನದು. ಈಗ ನಾವು ಕೊಳ್ಳುವ ಗಾಜು ಕರಗಿದ ತವರದ ಮೇಲೆ ತೇಲಿಸಿ ಮಾಡಿದ್ದು. ಅದು ಕನ್ನಡಿಯಷ್ಟು ಸಮ. ಡಾಯ್ಕರ್ ಕಾಲದ ಗಾಜು ಹಾಗಲ್ಲ. ಕುಲುಮೆಯಿಂದ ಹಾಳೆಯ ಹಾಗೆ ಮೇಲಕ್ಕೆ ಎಳೆದು ಮಾಡುತ್ತಿದ್ದರು. ಅದರ ಮೈಯಲ್ಲಿ ಕಂಡೂ ಕಾಣದ ಅಲೆಗಳಿರುತ್ತವೆ. ಹೊಸ ಗಾಜು ಹಾಕಿ ನೋಡಿದರೆ ಕಟ್ಟಡ ಬೇರೆಯೇ ಕಾಣುತ್ತದೆ, ಬಿರುಸಾಗಿ, ಕಪ್ಪಾಗಿ. ಎಳೆದ ಗಾಜನ್ನು ಇನ್ನೂ ಮಾಡುವವರು ಯಾರಾದರೂ ಇದ್ದಾರಾ ಎಂದು ಹುಡುಕಿದರು. ಕೊನೆಗೆ ಲಿಥುವೇನಿಯಾದ ಒಂದು ಕಾರ್ಖಾನೆಯಲ್ಲಿ ಸಿಕ್ಕಿತು. ಅಲ್ಲಿಂದ ತರಿಸಿ ಹಾಕಿದರು.

ಮೇಲಿನ ಊಟದ ಹಾಲಿನಲ್ಲಿ ಈಗ ರೋಗಿಗಳಿಲ್ಲ. ಆದರೆ ಬಿಸಿಲು ನಾಲ್ಕೂ ಕಡೆಯಿಂದ ಬರುತ್ತದೆ. ಆ ಗಾಜಿನ ಮುಂದೆ ಎರಡು ಹೆಜ್ಜೆ ನಡೆದರೆ ಆಚೆಯ ಮರಗಳ ಕಾಂಡ ಒಂದು ಚೂರು ಬಗ್ಗಿ, ಮತ್ತೆ ನೆಟ್ಟಗಾಗುತ್ತವೆ.